ಒಬ್ಬರಿಗೆ ರೀಡ್ ಕೊಡಲು ಹೋಗಿ: ಒಂದು ರ‍್ಯಾಕ್‌ಎಫ್ ಪ್ರಕರಣ

ಸಂಬಳದ ಹಳೇ ದಾಖಲೆಗಳನ್ನು ನೋಡಲು ವರದಿ ತಂಡದ ಒಬ್ಬ ವಿಶ್ಲೇಷಕಿಗೆ ಅನುಮತಿ ಬೇಕಿತ್ತು. ಬರೀ ಓದಲು. ತಿದ್ದುವುದಿಲ್ಲ, ಅಳಿಸುವುದಿಲ್ಲ. ಇಷ್ಟು ಸಣ್ಣ ಕೋರಿಕೆಯಿಂದ ಅದೇ ರಾತ್ರಿ ಸಂಬಳದ ಬ್ಯಾಚ್, ಅಂದರೆ ರಾತ್ರಿ ತಾನಾಗಿ ಓಡುವ ಸಂಬಳದ ಕೆಲಸ, ಅರ್ಧಕ್ಕೆ ನಿಂತಿತು. ಬೆಳಗಾಗುವಷ್ಟರಲ್ಲಿ ಅದೇ ದಾಖಲೆಗಳನ್ನು ಸಿಸ್ಟಂನಲ್ಲಿರುವ ಯಾರು ಬೇಕಾದರೂ ತಿದ್ದಬಹುದು ಎಂಬ ಸ್ಥಿತಿ ಬಂದಿತ್ತು. ಅದು ವಾರಗಟ್ಟಲೆ ಹಾಗೇ ಉಳಿಯಿತು, ಯಾರಿಗೂ ಗೊತ್ತಾಗಲಿಲ್ಲ.

ನನ್ನನ್ನು ಕರೆದದ್ದು ಇದು ಬೆಳಕಿಗೆ ಬಂದ ಮೇಲೆ. ಸಂಸ್ಥೆಯ ಹೆಸರು ಇಲ್ಲಿ ಬೇಕಿಲ್ಲ. ಡೇಟಾಸೆಟ್ (ಅಂದರೆ ಫೈಲ್), ಗ್ರೂಪ್, ಐಡಿ ಹೆಸರುಗಳನ್ನೂ ಬದಲಿಸಿದ್ದೇನೆ. ಅಲ್ಲಿದ್ದದ್ದು ಐಬಿಎಂನ ರ‍್ಯಾಕ್‌ಎಫ್, 1976ರಿಂದ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳಲ್ಲಿ, ಯಾರು ಯಾವ ಫೈಲ್ ಮುಟ್ಟಬಹುದು ಎಂದು ನೋಡುತ್ತ ಕಾವಲಿಗಿರುವ ಸಾಫ್ಟ್‌ವೇರ್. ಇದೇ ಕೆಲಸ ಮಾಡುವ ಎಸಿಎಫ್2, ಟಾಪ್ ಸೀಕ್ರೆಟ್ ಬಳಸುವವರಿಗೆ ಕಮಾಂಡ್‌ಗಳು ಬೇರೆ, ಆದರೆ ಪೇಚು ಪರಿಚಿತವೇ ಇರುತ್ತದೆ.

ಕೋರಿಕೆ

ಟಿಕೆಟ್‌ನಲ್ಲಿ ಬರೆದದ್ದು ಒಂದೇ ಸಾಲು: "ನಮ್ಮ ತಂಡದ ಹಿರಿಯ ಸಹೋದ್ಯೋಗಿಗೆ ಇರುವ ಆಕ್ಸೆಸ್ಸೇ ಇವರಿಗೂ ಕೊಡಿ." ಮೇಲೆ ಅವರ ಮ್ಯಾನೇಜರ್ ಒಪ್ಪಿಗೆ.

ಸೆಕ್ಯುರಿಟಿ ಅಡ್ಮಿನ್ ಆ ಹಿರಿಯರ ಐಡಿಯನ್ನು ತೆಗೆದು ನೋಡಿದರು. ಅವರು ಹಿಂದೆ ಪೇರೋಲ್ ಡೆವಲಪ್‌ಮೆಂಟ್‌ನಲ್ಲಿದ್ದರು, ಆಮೇಲೆ ಸಪೋರ್ಟ್‌ಗೆ ಹೋದರು, ಈಗ ವರದಿ ತಂಡದಲ್ಲಿದ್ದಾರೆ. ಹೋದ ಕಡೆಯೆಲ್ಲ ಹೊಸ ಗ್ರೂಪ್‌ಗೆ ಕನೆಕ್ಟ್ ಆಗಿದೆ, ಹಳೆಯದರಿಂದ ಯಾರೂ ತೆಗೆದಿಲ್ಲ. ಅವುಗಳಲ್ಲಿ ಒಂದಕ್ಕೆ ಪ್ರೊಡಕ್ಷನ್ (ನಿಜವಾದ ಕೆಲಸದ) ಡೇಟಾ ಮೇಲೆ ಅಪ್‌ಡೇಟ್, ಅಂದರೆ ಬರೆಯುವ ಅಧಿಕಾರ ಕೂಡ ಇತ್ತು. "ಅವರ ಹಾಗೇ ಇವರಿಗೂ" ಅಂದರೆ ಆ ಇಡೀ ಗಂಟನ್ನು ಇನ್ನೊಬ್ಬರಿಗೆ ಹೊರಿಸಿದಂತೆ. ಅಡ್ಮಿನ್ ಅದಕ್ಕೆ ಒಪ್ಪಲಿಲ್ಲ. "ಯಾವ ಫೈಲ್ ಬೇಕು, ಅದನ್ನು ಹೇಳಿ" ಎಂದು ಟಿಕೆಟ್ ವಾಪಸ್ ಕಳಿಸಿದರು. ಇಲ್ಲಿವರೆಗೆ ಅವರು ಮಾಡಿದ್ದೆಲ್ಲ ಸರಿ, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಯಾಕೆಂದರೆ ಮುಂದಿನ ತೊಂದರೆ ಬಂದದ್ದು ಅಸಡ್ಡೆಯಿಂದ ಅಲ್ಲ, ಕಮ್ಮಿ ಕೊಡಬೇಕು ಎಂಬ ಒಳ್ಳೆಯ ಉದ್ದೇಶದಿಂದಲೇ.

ಉತ್ತರ ಬಂತು: 'ಪೇ.ಪ್ರಾಡ್.ಹಿಸ್ಟರಿ' ಎಂದು ಶುರುವಾಗುವ ಫೈಲ್‌ಗಳು, ವರ್ಷಕ್ಕೊಂದರಂತೆ.

ಹಗಲಿನ ಬದಲಾವಣೆ

ಆ ಹೊತ್ತಿಗೆ ಪೇರೋಲ್‌ನ ಎಲ್ಲ ಪ್ರೊಡಕ್ಷನ್ ಫೈಲ್‌ಗಳನ್ನೂ ಕಾಯುತ್ತಿದ್ದದ್ದು ಒಂದೇ ಜೆನೆರಿಕ್ ಪ್ರೊಫೈಲ್ (ಒಂದೇ ಬಗೆಯ ಹೆಸರಿನ ಹಲವು ಫೈಲ್‌ಗಳಿಗೆ ಅನ್ವಯಿಸುವ ನಿಯಮ), 'ಪೇ.ಪ್ರಾಡ್.**'; ಕೊನೆಯ ** ಅಂದರೆ ಆಮೇಲೆ ಏನೇ ಇದ್ದರೂ ಸರಿ. ಅದರ ಯುಎಸಿಸಿ, ಅಂದರೆ ಪಟ್ಟಿಯಲ್ಲಿ ಇಲ್ಲದವರಿಗೆ ಸಿಗುವ ಆಕ್ಸೆಸ್, ನನ್ (ಏನೂ ಇಲ್ಲ) ಎಂದಿತ್ತು. ಪಟ್ಟಿಯಲ್ಲಿ ಸಂಬಳದ ಬ್ಯಾಚ್ ಓಡುವ ಐಡಿ 'ಪೇಬ್ಯಾಚ್'ಗೆ ಆಲ್ಟರ್ (ಬರೆಯುವುದಲ್ಲದೆ ಫೈಲ್ ಹುಟ್ಟಿಸಲು, ಅಳಿಸಲು ಕೂಡ), ಲೆಕ್ಕಪತ್ರ ಗ್ರೂಪ್‌ಗೆ ರೀಡ್, ಪೇರೋಲ್ ಡೆವಲಪರ್ ಗ್ರೂಪ್‌ಗೆ ರೀಡ್, ಇನ್ನೂ ಒಂದೆರಡು ಗ್ರೂಪ್‌ಗಳು.

ಈ ಪ್ರೊಫೈಲ್‌ನಲ್ಲಿ ವಿಶ್ಲೇಷಕಿಗೆ ರೀಡ್ ಕೊಟ್ಟರೆ ಸಂಬಳದ ಎಲ್ಲ ಫೈಲ್‌ಗಳೂ ಅವರಿಗೆ ಕಾಣುತ್ತವೆ. ಬೇಕಿರುವುದು ಹಿಸ್ಟರಿ ಮಾತ್ರ. ಹಾಗಾಗಿ ಅಡ್ಮಿನ್ ಹೊಸದೊಂದು ಪ್ರೊಫೈಲ್ ಮಾಡಿ (ಆ್ಯಡ್‌ಎಸ್‌ಡಿ), ಅದರ ಪಟ್ಟಿಗೆ ವಿಶ್ಲೇಷಕಿಯನ್ನು ಸೇರಿಸಿ (ಪರ್ಮಿಟ್), ಬದಲಾವಣೆಯನ್ನು ಜಾರಿಗೆ ತಂದರು (ಸೆಟ್‌ರಾಪ್ಟ್ಸ್):

ಆ್ಯಡ್‌ಎಸ್‌ಡಿ 'ಪೇ.ಪ್ರಾಡ್.ಹಿಸ್ಟರಿ.**' ಯುಎಸಿಸಿ(ನನ್)
ಪರ್ಮಿಟ್ 'ಪೇ.ಪ್ರಾಡ್.ಹಿಸ್ಟರಿ.**' ಐಡಿ(ವಿಶ್ಲೇಷಕಿಯ ಐಡಿ) ಆಕ್ಸೆಸ್(ರೀಡ್)
ಸೆಟ್‌ರಾಪ್ಟ್ಸ್ ಜೆನೆರಿಕ್(ಡೇಟಾಸೆಟ್) ರಿಫ್ರೆಶ್

ವಿಶ್ಲೇಷಕಿ ಫೈಲ್ ತೆರೆದು ನೋಡಿದರು, ತೆರೆಯಿತು. ಥ್ಯಾಂಕ್ಸ್ ಹೇಳಿದರು. ಟಿಕೆಟ್ ಕ್ಲೋಸ್ ಆಯಿತು.

ಕಮಾಂಡ್‌ಗಳಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ರ‍್ಯಾಕ್‌ಎಫ್ ಒಂದು ಡೇಟಾಸೆಟ್‌ಗೆ ಒಂದೇ ಪ್ರೊಫೈಲನ್ನು ನೋಡುತ್ತದೆ. ಹೆಸರಿಗೆ ಅತಿ ಹತ್ತಿರ ಹೊಂದುವ ಪ್ರೊಫೈಲ್ ಯಾವುದೋ ಅದು ಮಾತ್ರ ಉತ್ತರ ಕೊಡುತ್ತದೆ. ಅಲ್ಲಿ "ಇಲ್ಲ" ಅಂತ ಬಂದರೆ, "ಮೇಲಿನ ದೊಡ್ಡ ಪ್ರೊಫೈಲ್ ಏನು ಹೇಳುತ್ತದೋ ನೋಡೋಣ" ಎಂದು ಅದು ಮುಂದೆ ಹೋಗುವುದಿಲ್ಲ. ಎರಡೂ ಪಟ್ಟಿಗಳನ್ನು ಕೂಡಿಸುವುದೂ ಇಲ್ಲ. ಅಂದರೆ ಹೊಸ ಪ್ರೊಫೈಲ್ ಹುಟ್ಟಿದ ಆ ಕ್ಷಣದಿಂದ ಹಿಸ್ಟರಿ ಫೈಲ್‌ಗಳ ಮಟ್ಟಿಗೆ ಹಳೇ ಪಟ್ಟಿ ಇದ್ದೂ ಇಲ್ಲದಂತೆ. ಲೆಕ್ಕಪತ್ರದವರು ಹೋದರು, ಡೆವಲಪರ್‌ಗಳು ಹೋದರು, ಪೇಬ್ಯಾಚ್ ಕೂಡ ಹೋಯಿತು.

ಒಬ್ಬರಿಗೆ ಅನುಮತಿ ಕೊಡುವುದು ಅಂದರೆ ಪಟ್ಟಿಗೆ ಒಂದು ಹೆಸರು ಸೇರಿಸುವುದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಪರ್ಮಿಟ್ ಮಟ್ಟಿಗೆ ಅದು ನಿಜ. ಆ್ಯಡ್‌ಎಸ್‌ಡಿ ಮಟ್ಟಿಗೆ ನಿಜವಲ್ಲ. ಅದು ಯಾರಿಗೋ ಕೊಡುವ ಕಮಾಂಡ್ ಅಲ್ಲ, ಉಳಿದವರೆಲ್ಲರಿಂದ ಕಿತ್ತುಕೊಳ್ಳಬಲ್ಲ ಕಮಾಂಡ್.

ಹಗಲಿನಲ್ಲಿ ಯಾರೂ ದೂರು ಕೊಡಲಿಲ್ಲ. ಹಿಸ್ಟರಿ ಫೈಲ್‌ಗಳನ್ನು ಹಗಲಿನಲ್ಲಿ ಯಾರೂ ಮುಟ್ಟುವುದೇ ಅಪರೂಪ.

ರಾತ್ರಿ

ಸಂಬಳದ ಲೆಕ್ಕ ಮುಗಿದ ಮೇಲೆ ಬ್ಯಾಚ್‌ನ ಕೊನೆಯ ಸ್ಟೆಪ್‌ಗಳಲ್ಲಿ ಒಂದು, ಆ ತಿಂಗಳ ದಾಖಲೆಯನ್ನು ಹಿಸ್ಟರಿ ಫೈಲ್‌ನ ಕೊನೆಗೆ ಸೇರಿಸುತ್ತದೆ. ಆ ಸ್ಟೆಪ್ ಎಸ್913 ಎಂಬ ಎರರ್ ಕೊಟ್ಟು ಬಿತ್ತು. ಮೇನ್‌ಫ್ರೇಮ್‌ನವರಿಗೆ ಆ ನಂಬರ್ ಕಂಡರೆ ಸಾಕು, ಇದು ಸೆಕ್ಯುರಿಟಿ ವಿಷಯ ಅಂತ ಗೊತ್ತಾಗುತ್ತದೆ. ಅದರ ಮೇಲೆಯೇ ಅನುಮತಿ ಯಾಕೆ ಸಿಗಲಿಲ್ಲ ಎಂದು ಹೇಳುವ ಐಸಿಎಚ್408ಐ ಮೆಸೇಜ್ ಇತ್ತು.

ಈ ಮೆಸೇಜ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಡೀ ಪ್ರಕರಣದ ಉತ್ತರ ಅದರಲ್ಲೇ ಇತ್ತು. ಮೊದಲ ಸಾಲಿನಲ್ಲಿ ಯಾವ ಯೂಸರ್, ಯಾವ ಗ್ರೂಪ್. ಆಮೇಲೆ ಡೇಟಾಸೆಟ್ ಹೆಸರು. ಆಮೇಲೆ ಅಧಿಕಾರ ಸಾಲದು ಎಂಬ ಸಾಲು. ಅದರ ಕೆಳಗೆ 'ಫ್ರಮ್' ಎಂದು ಶುರುವಾಗುವ ಸಾಲು: ಫ್ರಮ್ ಪೇ.ಪ್ರಾಡ್.ಹಿಸ್ಟರಿ.** (ಜಿ). ಜಿ ಅಂದರೆ ಜೆನೆರಿಕ್. ಕೊನೆಗೆ ಕೇಳಿದ್ದು ಅಪ್‌ಡೇಟ್, ಇರುವುದು ನನ್. ಆ ಫ್ರಮ್ ಸಾಲು ಹೇಳುವುದು ಈ "ಇಲ್ಲ" ಎಂಬ ಉತ್ತರವನ್ನು ಕೊಟ್ಟದ್ದು ಯಾವ ಪ್ರೊಫೈಲ್ ಅಂತ. ಎಷ್ಟೋ ಜನ ಯೂಸರ್ ಐಡಿ ಮತ್ತು ಡೇಟಾಸೆಟ್ ಹೆಸರು ಓದಿ ಅಲ್ಲಿಗೇ ನಿಲ್ಲಿಸುತ್ತಾರೆ. ನಿದ್ದೆಯಿಂದ ಎದ್ದವರಂತೂ ಖಂಡಿತ ನಿಲ್ಲಿಸುತ್ತಾರೆ.

ಆನ್‌ಕಾಲ್‌ನಲ್ಲಿದ್ದವರಿಗೆ ರ‍್ಯಾಕ್‌ಎಫ್‌ನ ಸ್ಪೆಷಲ್ ಇತ್ತು, ಅಂದರೆ ಯಾವ ಪ್ರೊಫೈಲ್ ಬೇಕಾದರೂ ಬದಲಾಯಿಸಬಹುದು. ಅವರಿಗೆ ನೆನಪಿದ್ದದ್ದು 'ಪೇ.ಪ್ರಾಡ್.**' ಒಂದೇ. ಪೇಬ್ಯಾಚ್‌ಗೆ ಅಲ್ಲಿ ಆಲ್ಟರ್ ಪರ್ಮಿಟ್ ಮಾಡಿದರು. ಅದು ಮೊದಲೇ ಇತ್ತು. "ಇದು ಇದೆಯಲ್ಲ" ಅಂತ ರ‍್ಯಾಕ್‌ಎಫ್ ಹೇಳುವುದಿಲ್ಲ, ಸುಮ್ನೆ ಒಪ್ಪಿಕೊಳ್ಳುತ್ತದೆ. ಜಾಬ್ ರೀಸ್ಟಾರ್ಟ್ ಮಾಡಿದರು. ಮತ್ತೆ ಎಸ್913.

ಈ ಸಲ ಅವರು ಪ್ರೊಫೈಲ್ ತೋರಿಸುವ ಲಿಸ್ಟ್‌ಡಿಎಸ್‌ಡಿ ಕಮಾಂಡ್ ಹೊಡೆದು ಆ ಫೈಲ್‌ನ ಪ್ರೊಫೈಲ್ ನೋಡಿದರು. ಪಟ್ಟಿ ಕಾಣಬೇಕಾದರೆ ಆಥ್‌ಯೂಸರ್ ಅಥವಾ ಆಲ್ ಎಂದು ಸೇರಿಸಬೇಕು. ಸೇರಿಸದೆ ಕೇಳಿದರೆ ಕಣ್ಣಿಗೆ ಬೀಳುವುದು ಮಾಲೀಕರ ಹೆಸರು ಮತ್ತು ಯುಎಸಿಸಿ. ಯುಎಸಿಸಿ ನನ್ ಅಂತ ಕಂಡಿತು. ಅದನ್ನೇ ಬದಲಿಸಿದರು:

ಆಲ್ಟ್‌ಡಿಎಸ್‌ಡಿ 'ಪೇ.ಪ್ರಾಡ್.ಹಿಸ್ಟರಿ.**' ಯುಎಸಿಸಿ(ಅಪ್‌ಡೇಟ್)

ಜಾಬ್ ಓಡಿತು. ಸಂಬಳ ಸಮಯಕ್ಕೆ ಹೋಯಿತು. ಟಿಕೆಟ್‌ನಲ್ಲಿ "ತಾತ್ಕಾಲಿಕ ಪರಿಹಾರ" ಎಂದು ಬರೆದು ಮಲಗಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೊತ್ತಿನಲ್ಲಿ ಅವರಿಂದ ಕೇಳಿದ್ದು ಬ್ಯಾಚ್ ಮುಗಿಸಿ ಅಂತ ಮಾತ್ರ. ಆದರೆ ಅದೇ ಹೊತ್ತಿನಲ್ಲಿ, ಅಷ್ಟೇ ಉದ್ದದ ಇನ್ನೊಂದು ಸಾಲು ಸಾಕಿತ್ತು: ಫ್ರಮ್ ಸಾಲಿನಲ್ಲಿ ಕಂಡ ಪ್ರೊಫೈಲ್‌ಗೆ ಪೇಬ್ಯಾಚ್ ಐಡಿಯನ್ನು ಅಪ್‌ಡೇಟ್‌ನೊಂದಿಗೆ ಪರ್ಮಿಟ್ ಮಾಡುವುದು.

ಯುಎಸಿಸಿ ಅಪ್‌ಡೇಟ್ ಅಂದರೆ ಏನು? ಪಟ್ಟಿಯಲ್ಲಿ ತಮ್ಮ ಹೆಸರಾಗಲಿ ತಮ್ಮ ಗ್ರೂಪ್ ಆಗಲಿ ಇಲ್ಲದ ಎಲ್ಲರೂ ಆ ಫೈಲ್ ಓದಬಹುದು, ಬರೆಯಬಹುದು. ರ‍್ಯಾಕ್‌ಎಫ್‌ಗೆ ಪರಿಚಯವೇ ಇಲ್ಲದ ಐಡಿಯಲ್ಲಿ ಓಡುವ ಕೆಲಸಕ್ಕೂ ಇದು ಸಿಗುತ್ತದೆ. ರಿಸ್ಟ್ರಿಕ್ಟೆಡ್ ಎಂಬ ಗುರುತು ಇರುವ ಐಡಿಗಳಿಗೆ ಮಾತ್ರ ಸಿಗುವುದಿಲ್ಲ. ಇನ್ನೂ ತಮಾಷೆ ಎಂದರೆ, ಇಡೀ ಸಿಸ್ಟಂನಲ್ಲಿ ಹಿಸ್ಟರಿ ಫೈಲನ್ನು ತಿದ್ದಲು ಆಗದೇ ಇದ್ದ ಕೆಲವೇ ಜನರಲ್ಲಿ ಆ ವಿಶ್ಲೇಷಕಿಯೂ ಒಬ್ಬರು. ಅವರ ಹೆಸರು ಪಟ್ಟಿಯಲ್ಲಿ ರೀಡ್ ಎಂದು ಇತ್ತಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ರ‍್ಯಾಕ್‌ಎಫ್ ಯುಎಸಿಸಿ ಕಡೆ ನೋಡುವುದೇ ಇಲ್ಲ.

ಸಿಕ್ಕಿದ್ದು ಹೇಗೆ

ಆ ಸಂಸ್ಥೆಯಲ್ಲಿ ಒಂದು ಒಳ್ಳೆ ಅಭ್ಯಾಸ ಇತ್ತು. ರ‍್ಯಾಕ್‌ಎಫ್ ಡೇಟಾಬೇಸನ್ನು ಐಆರ್‌ಆರ್‌ಡಿಬಿಯು00 ಯುಟಿಲಿಟಿಯಿಂದ ಸಾದಾ ಫೈಲ್ ಆಗಿ ಇಳಿಸಿ, ಐಸ್‌ಟೂಲ್‌ನಲ್ಲಿ ವರದಿ ತೆಗೆಯುತ್ತಿದ್ದರು. 0400 ಎಂಬ ರೆಕಾರ್ಡ್‌ನಲ್ಲಿ ಡೇಟಾಸೆಟ್ ಪ್ರೊಫೈಲ್‌ಗಳ ಮೂಲ ವಿವರ ಇರುತ್ತದೆ, ಯುಎಸಿಸಿ ಕೂಡ. 0404ರಲ್ಲಿ ಪ್ರತಿ ಪ್ರೊಫೈಲ್‌ನ ಪಟ್ಟಿ. ಯುಎಸಿಸಿ ರೀಡ್‌ಗಿಂತ ಜಾಸ್ತಿ ಇರುವ ಪ್ರೊಡಕ್ಷನ್ ಪ್ರೊಫೈಲ್‌ಗಳನ್ನು ಹುಡುಕುವ ವರದಿಯಲ್ಲಿ ಪೇರೋಲ್ ಹಿಸ್ಟರಿ ಬಂತು. ಆ ವರದಿಯನ್ನು ನಿಜವಾಗಿ ಓದುವವರು ಒಬ್ಬರಿದ್ದರು ಎಂಬುದೇ ದೊಡ್ಡ ಅದೃಷ್ಟ.

ತಕ್ಷಣ ಬಂದ ಪ್ರಶ್ನೆ: ಈ ವಾರಗಳಲ್ಲಿ ಯಾರಾದರೂ ಮುಟ್ಟಿದರಾ?

ಮೊದಲು ಎಲ್ಲರೂ ಹೋದದ್ದು ಎಸ್‌ಎಂಎಫ್, ಅಂದರೆ ಸಿಸ್ಟಂನ ಚಟುವಟಿಕೆ ದಾಖಲೆಯ, 80ನೇ ಬಗೆಯ ರೆಕಾರ್ಡ್‌ಗಳಿಗೆ. ರ‍್ಯಾಕ್‌ಎಫ್ ತನ್ನ ಘಟನೆಗಳನ್ನು ಬರೆಯುವುದು ಅಲ್ಲಿ. ಅಲ್ಲಿ ಏನೂ ಇರಲಿಲ್ಲ, ಇರುವ ಸಾಧ್ಯತೆಯೂ ಇರಲಿಲ್ಲ. ಪ್ರೊಫೈಲ್ ಮಾಡುವಾಗ ಆಡಿಟ್ ಏನೂ ಹೇಳದಿದ್ದರೆ, ಸೋತ ಪ್ರಯತ್ನಗಳು ಮಾತ್ರ ದಾಖಲಾಗುತ್ತವೆ. ಯುಎಸಿಸಿ ಅಪ್‌ಡೇಟ್ ಇದ್ದಾಗ ಓದುವುದೂ ಬರೆಯುವುದೂ ಸೋಲುವುದೇ ಇಲ್ಲ. ಬಾಗಿಲು ತೆರೆದಿಟ್ಟ ಕಮಾಂಡೇ ದಾಖಲೆಯನ್ನೂ ನಿಲ್ಲಿಸಿತ್ತು. "80ರಲ್ಲಿ ಏನೂ ಇಲ್ಲ, ಹಾಗಾದರೆ ಏನೂ ಆಗಿಲ್ಲ" ಎಂದು ಒಬ್ಬರು ವರದಿ ಬರೆದೇಬಿಟ್ಟಿದ್ದರು. ಅದನ್ನು ತಡೆಹಿಡಿದೆವು.

ದಾರಿ ಬೇರೆ ಇತ್ತು. ರ‍್ಯಾಕ್‌ಎಫ್ ಏನೇ ಬರೆಯಲಿ ಬಿಡಲಿ, ಸಾಮಾನ್ಯ ಫೈಲ್ ಒಂದನ್ನು ಓದಲು ತೆರೆದರೆ ಎಸ್‌ಎಂಎಫ್ 14, ಬರೆಯಲು ತೆರೆದರೆ 15 ಬರೆಯುವುದು ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಝೆಡ್‌ಓಎಸ್. (ಫೈಲ್ ವಿಸ್ಯಾಮ್ ಎಂಬ ಬೇರೆ ಬಗೆಯದಾಗಿದ್ದರೆ 62, 64 ನೋಡಬೇಕು.) ಇವುಗಳಲ್ಲಿ ಜಾಬ್ ಹೆಸರು ಸಿಗುತ್ತದೆ, ಆದರೆ ಯಾರ ಐಡಿ ಅಂತ ಭರವಸೆಯಿಂದ ಸಿಗುವುದಿಲ್ಲ. ಅದಕ್ಕೆ ಜಾಬ್‌ನ ಹೆಸರು ಮತ್ತು ಶುರುವಾದ ಸಮಯ ಹಿಡಿದು ಎಸ್‌ಎಂಎಫ್ 30ಕ್ಕೆ ಜೋಡಿಸಿದೆವು, ಅಲ್ಲಿ ರ‍್ಯಾಕ್‌ಎಫ್ ಐಡಿ ಇರುತ್ತದೆ. ಬೇಸರದ ಕೆಲಸ, ಆದರೆ ಸುಳ್ಳು ಹೇಳದ ಕೆಲಸ.

ಬರೆದದ್ದು ಪೇಬ್ಯಾಚ್ ಒಂದೇ. ಅಷ್ಟರ ಮಟ್ಟಿಗೆ ಎಲ್ಲರೂ ಉಸಿರು ಬಿಟ್ಟರು. ಆದರೆ ಓದಿದವರ ಸಾಲಿನಲ್ಲಿ ಒಂದು ಅಪರಿಚಿತ ಹೆಸರು ಪದೇ ಪದೇ ಬರುತ್ತಿತ್ತು. ಅದು ಬೇರೊಂದು ತಂಡದ ಟೆಸ್ಟ್ ಜಾಬ್. ಅವರ ಜೆಸಿಎಲ್‌ನಲ್ಲಿ (ಜಾಬ್ ಓಡಿಸುವ ಸೂಚನೆಗಳಲ್ಲಿ) ಟೆಸ್ಟ್ ಫೈಲ್ ಹೆಸರಿನ ಬದಲು ಪ್ರೊಡಕ್ಷನ್ ಹೆಸರು ಉಳಿದುಕೊಂಡಿತ್ತು. ಮೊದಲಾಗಿದ್ದರೆ ಮೊದಲ ದಿನವೇ ಎಸ್913 ಬಂದು ತಪ್ಪು ಗೊತ್ತಾಗುತ್ತಿತ್ತು. ಈಗ ಆ ಜಾಬ್ ಎಲ್ಲರ ನಿಜವಾದ ಸಂಬಳವನ್ನು ಓದಿ, ಟೆಸ್ಟ್ ವರದಿಯಲ್ಲಿ ಅಚ್ಚುಹಾಕುತ್ತಿತ್ತು. ಆ ತಂಡದವರು ಅದನ್ನು ನಕಲಿ ಡೇಟಾ ಅಂತಲೇ ತಿಳಿದಿದ್ದರು.

ಮುಚ್ಚುವುದು

ಯುಎಸಿಸಿಯನ್ನು ತಕ್ಷಣ ನನ್ ಮಾಡಿಬಿಡೋಣ ಎಂದರು ಕೆಲವರು. ಮಾಡಿದರೆ ಆ ರಾತ್ರಿ ಬ್ಯಾಚ್ ಮತ್ತೆ ಬೀಳುತ್ತದೆ, ಮತ್ತೊಬ್ಬರು ಮತ್ತೆ ಏಳುತ್ತಾರೆ. ಹೊಸ ಪ್ರೊಫೈಲನ್ನೇ ಅಳಿಸೋಣ ಎಂದರು ಇನ್ನು ಕೆಲವರು. ಅಳಿಸಿದರೆ ಹಳೇ ಪ್ರೊಫೈಲ್ ಮತ್ತೆ ಉತ್ತರ ಕೊಡಲು ಶುರುಮಾಡುತ್ತದೆ, ಎಲ್ಲ ಮೊದಲಿನಂತಾಗುತ್ತದೆ. ಅದು ಅತಿ ಸುಲಭದ ದಾರಿ. ಆದರೆ ವಿಶ್ಲೇಷಕಿಯ ಕೆಲಸ ನಿಲ್ಲುತ್ತದೆ. ಅಲ್ಲದೆ ಅಡ್ಮಿನ್‌ರ ಮೂಲ ಯೋಚನೆ ಸರಿಯೇ ಇತ್ತು: ಹಿಸ್ಟರಿಗೆ ಬೇರೆ ಪಟ್ಟಿ ಇರಬೇಕು. ಹಾಗಾಗಿ ಉಳಿಸಿಕೊಳ್ಳೋಣ ಎಂದು ನಾನು ವಾದಿಸಿದೆ.

ಮೂರನೆಯ ಸಲಹೆ ವಾರ್ನಿಂಗ್ ಮೋಡ್. ಪ್ರೊಫೈಲ್‌ಗೆ ವಾರ್ನಿಂಗ್ ಹಾಕಿದರೆ ಅಧಿಕಾರ ಇಲ್ಲದವರನ್ನೂ ಒಳಗೆ ಬಿಟ್ಟು, ಮೆಸೇಜ್ ಮಾತ್ರ ಬರೆಯುತ್ತದೆ. ಪಟ್ಟಿ ಸರಿ ಇದೆಯಾ ಅಂತ ಪರೀಕ್ಷಿಸಲು ಇದನ್ನು ಬಳಸುವುದುಂಟು. ಇಲ್ಲಿ ಬೇಡವೇ ಬೇಡ ಎಂದೆ. ಯುಎಸಿಸಿ ಅಪ್‌ಡೇಟ್ ಇದ್ದಾಗ ಕನಿಷ್ಠ ಯಾರೂ ಫೈಲನ್ನು ಅಳಿಸಲು ಆಗುತ್ತಿರಲಿಲ್ಲ, ಅದಕ್ಕೆ ಆಲ್ಟರ್ ಬೇಕು. ವಾರ್ನಿಂಗ್ ಅದನ್ನೂ ಬಿಡುತ್ತದೆ. ಸಂಬಳದ ದಾಖಲೆಗೆ ಅದು ಇನ್ನೂ ದೊಡ್ಡ ತೂತು.

ಕೊನೆಗೆ ಮಾಡಿದ್ದು ಹೀಗೆ. ಪರ್ಮಿಟ್ ಕಮಾಂಡ್‌ಗೆ 'ಫ್ರಮ್' ಎಂಬ ಆಯ್ಕೆ ಇದೆ, ಒಂದು ಪ್ರೊಫೈಲ್‌ನ ಪಟ್ಟಿಯನ್ನು ಇನ್ನೊಂದಕ್ಕೆ ನಕಲು ಮಾಡುತ್ತದೆ. ಆ್ಯಡ್‌ಎಸ್‌ಡಿಗೂ ಫ್ರಮ್ ಇದೆ. ಅದನ್ನು ಮೊದಲ ದಿನವೇ ಬಳಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. 'ಪೇ.ಪ್ರಾಡ್.**' ಪಟ್ಟಿಯನ್ನು ಹಿಸ್ಟರಿ ಪ್ರೊಫೈಲ್‌ಗೆ ನಕಲಿಸಿ, ಪೇರೋಲ್ ಮುಖ್ಯಸ್ಥರ ಜೊತೆ ಕೂತು ಒಂದೊಂದೇ ಸಾಲು ನೋಡಿದೆವು. ಡೆವಲಪರ್ ಗ್ರೂಪ್ ಬೇಡ ಎಂದರು, ತೆಗೆದೆವು. ಅಡ್ಮಿನ್‌ರ ಸ್ವಂತ ಐಡಿ ಆಲ್ಟರ್‌ನೊಂದಿಗೆ ಕೂತಿತ್ತು. ಅವರು ಹಾಕಿಕೊಂಡದ್ದಲ್ಲ. ಆ್ಯಡ್‌ಕ್ರಿಯೇಟರ್ ಎಂಬ ಸೆಟ್ಟಿಂಗ್ ಚಾಲೂ ಇದ್ದರೆ ಪ್ರೊಫೈಲ್ ಮಾಡಿದವರ ಐಡಿ ತಾನಾಗಿ ಸೇರಿಕೊಳ್ಳುತ್ತದೆ. ಅದನ್ನೂ ತೆಗೆದೆವು, ಆ ಸೆಟ್ಟಿಂಗನ್ನೂ ಆಫ್ ಮಾಡಿಸಿದೆವು.

ಪೇಬ್ಯಾಚ್‌ಗೆ ಅಪ್‌ಡೇಟ್ ಸಾಕು ಎಂಬ ಮಾತು ಬಂತು. ತಿಂಗಳ ಕೆಲಸಕ್ಕೆ ಸಾಕು. ಆದರೆ ವರ್ಷದ ಕೊನೆಯಲ್ಲಿ ಅದೇ ಐಡಿ ಹೊಸ ವರ್ಷದ ಫೈಲನ್ನು ಹುಟ್ಟಿಸಬೇಕು, ಹುಟ್ಟಿಸಲು ಆಲ್ಟರ್ ಬೇಕು. ಜೆನೆರಿಕ್ ಪ್ರೊಫೈಲ್‌ನಲ್ಲಿ ಆಲ್ಟರ್ ಇದ್ದ ಮಾತ್ರಕ್ಕೆ ಪಟ್ಟಿಯನ್ನು ಬದಲಿಸುವ ಅಧಿಕಾರ ಬರುವುದಿಲ್ಲ, ಅದು ಒಂದೇ ಫೈಲ್‌ಗೆ ಮೀಸಲಾದ ಡಿಸ್ಕ್ರೀಟ್ ಪ್ರೊಫೈಲ್‌ನಲ್ಲಿ ಮಾತ್ರ. ಹಾಗಾಗಿ ಆಲ್ಟರ್ ಹಾಗೇ ಉಳಿಯಿತು.

ಯುಎಸಿಸಿ ಮುಚ್ಚುವ ಮುಂಚೆ ಒಂದು ಬ್ಯಾಚ್ ಸುತ್ತು ಮುಗಿಯುವವರೆಗೆ ಯಶಸ್ವಿ ಪ್ರಯತ್ನಗಳನ್ನೂ ದಾಖಲಿಸುವಂತೆ ಆಡಿಟ್ ಬದಲಿಸಿದೆವು. ಪಟ್ಟಿಯಲ್ಲಿ ಇಲ್ಲದೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡಲು. ಆ ಟೆಸ್ಟ್ ಜಾಬ್ ಬಿಟ್ಟರೆ ಯಾರೂ ಇರಲಿಲ್ಲ. ಮುಚ್ಚಿದೆವು. ರಾತ್ರಿ ಸದ್ದಿಲ್ಲದೆ ಕಳೆಯಿತು.

ಮತ್ತೆ ವಿಶ್ಲೇಷಕಿ

ಅವರ ಐಡಿಯನ್ನು ನೇರವಾಗಿ ಪಟ್ಟಿಯಲ್ಲಿ ಇಡುವ ಬದಲು, ಹಿಸ್ಟರಿ ಓದುವವರಿಗೆ ಅಂತ ಒಂದು ಗ್ರೂಪ್ ಮಾಡಿದೆವು. ಗ್ರೂಪ್‌ಗೆ ರೀಡ್, ಅವರನ್ನು ಗ್ರೂಪ್‌ಗೆ ಕನೆಕ್ಟ್. ಕನೆಕ್ಟ್‌ನಲ್ಲೇ ರಿವೋಕ್ ದಿನಾಂಕ ಹಾಕಬಹುದು, ಕೆಲಸ ಮುಗಿಯುವ ತಿಂಗಳಿಗೆ ಹಾಕಿದೆವು. ಇನ್ನು ಹಳೇ ನೇರ ಸಾಲು ತೆಗೆಯಬೇಕು. ತಂಡದ ಕಿರಿಯರೊಬ್ಬರು "ನಾನು ಮಾಡ್ತೀನಿ ಸರ್" ಎಂದು ಆಕ್ಸೆಸ್(ನನ್) ಎಂದು ಪರ್ಮಿಟ್ ಮಾಡಿದರು.

ಸ್ವಲ್ಪ ಹೊತ್ತಿಗೆ ವಿಶ್ಲೇಷಕಿಯಿಂದ ಫೋನ್, ಐಸಿಎಚ್408ಐ ಬರ್ತಿದೆ ಎಂದು. ನನ್ ಅಂದರೆ ಸಾಲು ಅಳಿಸಿದಂತಲ್ಲ. "ಇವರಿಗೆ ಕೊಡಬೇಡ" ಎಂದು ಹೆಸರು ಹಿಡಿದು ಬರೆದಂತೆ. ಪಟ್ಟಿಯಲ್ಲಿ ವ್ಯಕ್ತಿಯ ಐಡಿ ಸಿಕ್ಕರೆ ರ‍್ಯಾಕ್‌ಎಫ್ ಗ್ರೂಪ್‌ಗಳನ್ನು ನೋಡುವುದಿಲ್ಲ, ಗ್ರೂಪ್‌ಗೆ ಎಷ್ಟೇ ದೊಡ್ಡ ಅಧಿಕಾರ ಇರಲಿ. ತೆಗೆಯಲು ಬೇಕಾದದ್ದು ಡಿಲೀಟ್. ಅದನ್ನು ಮಾಡಿದ ಮೇಲೂ ಅವರಿಗೆ ತೆರೆಯಲಿಲ್ಲ. ಈ ಸಲ ಕಾರಣ ಸರಳ. ಯಾರು ಯಾವ ಗ್ರೂಪ್‌ನಲ್ಲಿದ್ದಾರೆ ಎಂಬುದನ್ನು ರ‍್ಯಾಕ್‌ಎಫ್ ಲಾಗಾನ್ ಆಗುವಾಗ ಓದಿಟ್ಟುಕೊಳ್ಳುತ್ತದೆ. ಅವರು ಬೆಳಿಗ್ಗೆಯಿಂದ ಅದೇ ಸೆಷನ್‌ನಲ್ಲಿದ್ದರು. ಲಾಗಾಫ್ ಆಗಿ ಬಂದ ಮೇಲೆ ಸರಿಹೋಯಿತು.

ಕೋರಿಕೆಯ ಫಾರ್ಮ್ ಈಗ ಬದಲಾಗಿದೆ. "ಇವರ ಹಾಗೇ" ಎಂದು ಬರೆಯುವ ಜಾಗವೇ ಇಲ್ಲ. ಡೇಟಾಸೆಟ್ ಹೆಸರು, ಓದಲೋ ಬರೆಯಲೋ, ಯಾವಾಗಿನವರೆಗೆ. ಒಪ್ಪಿಗೆ ಕೇಳುವವರ ಮ್ಯಾನೇಜರ್‌ದಲ್ಲ, ಡೇಟಾ ಯಾರದೋ ಅವರದ್ದು. ಅಡ್ಮಿನ್ ಕಡೆ ಒಂದೇ ಹೊಸ ಕಟ್ಟಳೆ: ಕಮಾಂಡ್ ಹೊಡೆಯುವ ಮೊದಲು, ಆ ಫೈಲ್‌ನ ಪೂರ್ತಿ ಹೆಸರು ಕೊಟ್ಟು ಲಿಸ್ಟ್‌ಡಿಎಸ್‌ಡಿಯನ್ನು ಜೆನೆರಿಕ್, ಆಲ್ ಎಂದು ಓಡಿಸಿ, ಈಗ ಉತ್ತರ ಕೊಡುತ್ತಿರುವ ಪ್ರೊಫೈಲನ್ನೂ ಅದರ ಪಟ್ಟಿಯನ್ನೂ ಟಿಕೆಟ್‌ಗೆ ಅಂಟಿಸಬೇಕು. ಹೊಸ ಪ್ರೊಫೈಲ್ ಮಾಡುವುದಾದರೆ ಫ್ರಮ್ ಇಲ್ಲದೆ ಆ್ಯಡ್‌ಎಸ್‌ಡಿ ಇಲ್ಲ. ಫ್ರಮ್ ಮಾಡುವುದು ಒಂದು ಸಲದ ನಕಲು ಮಾತ್ರ, ಆಮೇಲೆ ದೊಡ್ಡ ಪಟ್ಟಿಗೆ ಸೇರಿದವರು ಚಿಕ್ಕದಕ್ಕೆ ತಾವಾಗಿ ಬರುವುದಿಲ್ಲ. ಅದಕ್ಕೇ ಜನರ ಪಟ್ಟಿಯಲ್ಲಿ ಐಡಿಗಳ ಬದಲು ಗ್ರೂಪ್‌ಗಳನ್ನೇ ಇಡುವಂತೆ ಹೇಳಿದ್ದೇನೆ.

ಆ ಟೆಸ್ಟ್ ತಂಡ ಸುಮ್ಮನಿರಲಿಲ್ಲ. ಯುಎಸಿಸಿ ಮುಚ್ಚಿದ ಮರುದಿನವೇ ತಮ್ಮ ಜಾಬ್ ಬೀಳುತ್ತಿದೆ, ಹಿಸ್ಟರಿಗೆ ರೀಡ್ ಕೊಡಿ ಎಂದು ಟಿಕೆಟ್ ಹಾಕಿದರು. ಪೇರೋಲ್ ಮುಖ್ಯಸ್ಥರು ಒಪ್ಪಲಿಲ್ಲ. ಹೆಸರು, ನಂಬರ್, ಮೊತ್ತ ಎಲ್ಲ ಬದಲಿಸಿದ ನಕಲು ಫೈಲೊಂದನ್ನು ಟೆಸ್ಟ್ ಹೆಸರಿನಲ್ಲಿ ಮಾಡಿಕೊಟ್ಟರು, ಹಳೇ ಟೆಸ್ಟ್ ವರದಿಗಳನ್ನು ಅಳಿಸಿ ತೋರಿಸಿ ಎಂದೂ ಕೇಳಿದರು.